ಕ್ರಯಕ್ಕೆ ಮುನ್ನ ಕಟ್ಟಡದ ತಪಾಸಣೆ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ತೇವಾಂಶಗಳನ್ನು ಪರೀಕ್ಷಿಸದೆ ಅನುಭವಿ ಖರೀದಿದಾರನು ದರ ನಮೂದಿಸುವುದಿಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯ ಮಾಲೀಕನು ಉಕ್ಕಿನ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯುತ್ತಾನೆ. ಆದರೆ ಇದೇ ವರ್ತಕರು ಹಾಗೂ ಉದ್ಯಮಿಗಳು ಜೀವಮಾನದ ಉಳಿತಾಯವನ್ನು ತೊಡಗಿಸಿ ಮನೆ ಕೊಳ್ಳುವಾಗ ಅರ್ಧ ಗಂಟೆಯ ಭೇಟಿಗೇ ತೃಪ್ತರಾಗುವುದುಂಟು. ವಾಸ್ತು, ನೀರಿನ ಸೌಕರ್ಯ, ರಸ್ತೆಯ ಅಗಲಗಳನ್ನು ವಿಚಾರಿಸಿ ಮುಂಗಡ ಕೊಟ್ಟುಬಿಡುತ್ತಾರೆ. ಸಣ್ಣ ವ್ಯಾಪಾರಸ್ಥರಿಗೆ ಮನೆಯು ಕೇವಲ ವಾಸಸ್ಥಾನವಲ್ಲ. ದುಡಿಯುವ ಬಂಡವಾಳಕ್ಕಾಗಿ ಬ್ಯಾಂಕಿಗೆ ಒದಗಿಸುವ ಆಧಾರವೂ ಹೌದು. ಅದರಲ್ಲಿ ಅಡಗಿರುವ ದೋಷವು ಮುಂದೆ ವ್ಯಾಪಾರದ ಬಂಡವಾಳವನ್ನೇ ನುಂಗಬಲ್ಲದು.

ಕಾಗದಪತ್ರಗಳ ಮಿತಿ

ಕ್ರಯಕ್ಕೆ ಮುನ್ನ ವಕೀಲರು ಮೂಲಪತ್ರ, ಖಾತೆ, ಋಣಭಾರ ಪ್ರಮಾಣಪತ್ರಗಳನ್ನು ಪರಿಶೀಲಿಸುತ್ತಾರೆ. ಸಾಲ ನೀಡುವ ಬ್ಯಾಂಕು ತನ್ನ ಮೌಲ್ಯಮಾಪಕರನ್ನು ಕಳುಹಿಸುತ್ತದೆ. ಇದನ್ನೇ ಕಟ್ಟಡದ ತಪಾಸಣೆಯೆಂದು ಭಾವಿಸುವವರು ಅನೇಕರು. ವಾಸ್ತವದಲ್ಲಿ ವಕೀಲರು ನೋಡುವುದು ಹಕ್ಕನ್ನು, ಮೌಲ್ಯಮಾಪಕರು ನೋಡುವುದು ಸಾಲಕ್ಕೆ ಸಾಕಾಗುವ ಬೆಲೆಯನ್ನು. ತಾರಸಿಯ ಸೋರಿಕೆಯಾಗಲಿ, ತೊಲೆಯೊಳಗಿನ ಕಬ್ಬಿಣದ ತುಕ್ಕಾಗಲಿ ಈ ಎರಡು ವರದಿಗಳಲ್ಲಿ ಕಾಣುವುದು ವಿರಳ.

ತಪಾಸಕರು ಏನನ್ನು ನೋಡುತ್ತಾರೆ?

ಅನುಭವಿ ಸಿವಿಲ್ ಇಂಜಿನಿಯರರು ಮೊದಲು ಗಮನಿಸುವುದು ಬಿರುಕುಗಳನ್ನು. ಗಾರೆಯ ಮೇಲಿನ ಕೂದಲೆಳೆಯಂತಹ ಬಿರುಕು ಸಾಮಾನ್ಯವಾಗಿ ಗಾರೆ ಒಣಗಿ ಕುಗ್ಗಿದುದರ ಫಲ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಸಾಗುವ ಅಗಲವಾದ ಬಿರುಕು ಅಡಿಪಾಯವು ಅಸಮವಾಗಿ ಕುಸಿದಿರುವುದರ ಸೂಚನೆಯಾಗಿರಬಹುದು. ಕಂಬ, ತೊಲೆಗಳ ಉದ್ದಕ್ಕೂ ಸೀಳು ಮತ್ತು ತುಕ್ಕಿನ ಕಲೆ ಕಂಡರೆ ಅದು ಇನ್ನೂ ಗಂಭೀರ. ತುಕ್ಕು ಹಿಡಿದ ಕಬ್ಬಿಣವು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಮಾರಾಟಕ್ಕೆ ಮುನ್ನ ಬಳಿದ ಹೊಸ ಬಣ್ಣವು ಇವೆಲ್ಲವನ್ನೂ ಕೆಲಕಾಲ ಮರೆಮಾಡಬಲ್ಲದು.

ತೇವಮಾಪಕ ಮತ್ತು ಉಷ್ಣ ಚಿತ್ರಣದ ಕ್ಯಾಮೆರಾಗಳಿಂದ ಗೋಡೆಯೊಳಗಿನ ತೇವವನ್ನು ಗುರುತಿಸಬಹುದು. ಸ್ನಾನಗೃಹದ ಹೊರದಾರಿಯನ್ನು ಮುಚ್ಚಿ 24 ಗಂಟೆ ನೀರು ನಿಲ್ಲಿಸಿ, ಕೆಳಗಿನ ಛಾವಣಿಯನ್ನು ಪರೀಕ್ಷಿಸುವುದು ಸರಳವಾದರೂ ಅತ್ಯುಪಯುಕ್ತ ಕ್ರಮ. ಸಂಶಯ ಬಂದೆಡೆ ರಿಬೌಂಡ್ ಹ್ಯಾಮರ್ ಹಾಗೂ ಅಲ್ಟ್ರಾಸಾನಿಕ್ ಪರೀಕ್ಷೆಗಳಿಂದ ಕಾಂಕ್ರೀಟನ್ನು ಒಡೆಯದೆಯೇ ಅದರ ಗುಣಮಟ್ಟವನ್ನು ಅಂದಾಜಿಸಬಹುದು. ಭೂಸಂಪರ್ಕ ಸರಿಯಿದೆಯೇ, 30 ಮಿಲಿ ಆಂಪಿಯರ್ ಸೋರಿಕೆಗೆ ವಿದ್ಯುತ್ತನ್ನು ಕಡಿತಗೊಳಿಸುವ ಆರ್‌ಸಿಸಿಬಿ ಇದೆಯೇ ಎಂಬುದನ್ನೂ ನೋಡಬೇಕು. ಕೊಳವೆಬಾವಿ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಒಳಿತು. ಕುಡಿಯುವ ನೀರಿನಲ್ಲಿ ಕರಗಿದ ಘನವಸ್ತುಗಳು ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ಹೇಳುತ್ತದೆ. ಬೇರೆ ಮೂಲವಿಲ್ಲದಿದ್ದಲ್ಲಿ ಮಾತ್ರ 2000ದವರೆಗೆ ಅವಕಾಶವಿದೆ.

ನೆಲಕ್ಕೆ ತಕ್ಕ ಪರೀಕ್ಷೆ

ಹುಬ್ಬಳ್ಳಿ, ಗದಗ, ವಿಜಯಪುರ ಭಾಗಗಳ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಅಲ್ಲಿ ಅಡಿಪಾಯದ ವಿಧಾನವನ್ನು ವಿಚಾರಿಸದೆ ಮುಂದುವರಿಯುವುದು ಅಪಾಯಕರ. ಕರಾವಳಿಯಲ್ಲಿ ಉಪ್ಪು ಗಾಳಿ ಮತ್ತು ಭಾರೀ ಮಳೆಯಿಂದ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಹಳೆಯ ಕೆರೆಯಂಗಳ ಹಾಗೂ ರಾಜಕಾಲುವೆಗಳ ಅಂಚಿನ ನಿವೇಶನಗಳು, ಎರಡು ಅಂತಸ್ತಿಗೆ ಹಾಕಿದ ತಳಪಾಯದ ಮೇಲೆ ಏರಿಸಿದ ಮೂರನೆಯ, ನಾಲ್ಕನೆಯ ಅಂತಸ್ತುಗಳು ವಿಶೇಷ ಪರಿಶೀಲನೆಯನ್ನು ಬೇಡುತ್ತವೆ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಕಟ್ಟಡವು ಕುಸಿದು 19 ಮಂದಿ ಪ್ರಾಣ ಕಳೆದುಕೊಂಡರು. ಮನೆಯಷ್ಟೇ ಅಲ್ಲದೆ ಮಳಿಗೆ, ಗೋದಾಮುಗಳನ್ನು ಕೊಳ್ಳುವವರೂ ಈ ದುರಂತವನ್ನು ಮರೆಯುವಂತಿಲ್ಲ.

ಕಾನೂನಿನ ರಕ್ಷಣೆ ಎಷ್ಟು?

2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯ 14ನೇ ಕಲಮಿನಂತೆ, ಸ್ವಾಧೀನ ದೊರೆತ 5 ವರ್ಷಗಳೊಳಗೆ ರಚನೆ ಅಥವಾ ಕಾಮಗಾರಿಯ ದೋಷವನ್ನು ತಿಳಿಸಿದರೆ ಪ್ರವರ್ತಕರು 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಬೇಕು. ಆದ್ದರಿಂದ ಹೊಸ ಫ್ಲ್ಯಾಟ್ ಕೊಂಡವರು ಸ್ವಾಧೀನದ ವೇಳೆ ಒಮ್ಮೆ, ಐದನೆಯ ವರ್ಷ ತುಂಬುವ ಮುನ್ನ ಮತ್ತೊಮ್ಮೆ ತಪಾಸಣೆ ಮಾಡಿಸುವುದು ಜಾಣತನ. ಆದರೆ 500 ಚದರ ಮೀಟರ್ ಮೀರದ ಜಮೀನಿನ ಯೋಜನೆಗಳಿಗೆ ಈ ಕಾಯಿದೆಯಡಿ ನೋಂದಣಿ ಕಡ್ಡಾಯವಲ್ಲ. ಮೂವತ್ತು-ನಲವತ್ತರ ನಿವೇಶನವು ಸುಮಾರು 111 ಚದರ ಮೀಟರ್ ಮಾತ್ರ. ಹಳೆಯ ಮನೆಯ ವಿಷಯದಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮು, ತನಗೆ ತಿಳಿದಿರುವ ಹಾಗೂ ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಬೇಕೆನ್ನುತ್ತದೆ. ಮಾರುವವನಿಗೆ ದೋಷ ತಿಳಿದಿತ್ತೆಂದು ನಿರೂಪಿಸುವ ಶ್ರಮ ಮಾತ್ರ ಕೊಂಡವನದೇ.

ವ್ಯವಹಾರದ ಕ್ರಮ

ತಪಾಸಣೆಗೆ ಸೂಕ್ತ ಕಾಲವೆಂದರೆ ದರದ ಮಾತುಕತೆ ಮುಗಿದು, ದೊಡ್ಡ ಮುಂಗಡ ಕೊಡುವ ಮುನ್ನ. ವರದಿಯು ತೃಪ್ತಿಕರವಾಗಿದ್ದರೆ ಮಾತ್ರ ವ್ಯವಹಾರ ಮುಂದುವರಿಯುವುದೆಂದೂ ಇಲ್ಲವಾದರೆ ಮುಂಗಡ ಹಿಂದಿರುಗಬೇಕೆಂದೂ ಕ್ರಯದ ಕರಾರಿನಲ್ಲಿ ಬರೆಸಿಕೊಳ್ಳಬಹುದು. ಅಮೆರಿಕದಲ್ಲಿ ಇಂತಹ ಷರತ್ತು ರೂಢಿಯಲ್ಲಿದ್ದು, ಅಲ್ಲಿನ ತಪಾಸಕರ ವೃತ್ತಿಸಂಸ್ಥೆಯು 1976ರಲ್ಲೇ ಸ್ಥಾಪನೆಗೊಂಡಿತು.

ತಪಾಸಕರು ಮಾರುವವರಿಂದಾಗಲಿ, ದಲ್ಲಾಳಿಯಿಂದಾಗಲಿ ಕಮಿಷನ್ ಪಡೆಯದವರಾಗಿರಬೇಕು. ದೋಷ ತೋರಿಸಿದವರೇ ದುರಸ್ತಿಯ ಗುತ್ತಿಗೆಯನ್ನೂ ಕೇಳಿದರೆ ಆ ವರದಿಯ ಮೇಲೆ ಅನುಮಾನ ಸಹಜ. ಛಾಯಾಚಿತ್ರಗಳೊಂದಿಗೆ ಲಿಖಿತ ವರದಿಯನ್ನು ಪಡೆದು, ತುರ್ತು ದುರಸ್ತಿ, ಮುಂದೂಡಬಹುದಾದ ದುರಸ್ತಿ ಹಾಗೂ ಅಂದಾಜು ವೆಚ್ಚಗಳನ್ನು ಪ್ರತ್ಯೇಕವಾಗಿ ನಮೂದಿಸಲು ಕೋರಬೇಕು. ನೆಲದಡಿಯ ತಳಪಾಯವನ್ನೂ ಗೋಡೆಯೊಳಗಿನ ಕೊಳವೆಗಳನ್ನೂ ಪೂರ್ಣವಾಗಿ ಕಾಣಲಾಗದ ಕಾರಣ ಈ ವರದಿಯು ಖಾತರಿಪತ್ರವೆನಿಸದು.

ದೋಷ ಕಂಡಾಕ್ಷಣ ವ್ಯವಹಾರವನ್ನು ಕೈಬಿಡಬೇಕೆಂದೇನಿಲ್ಲ. ತಾರಸಿಯ ದುರಸ್ತಿಗೆ ತಗಲುವ ವೆಚ್ಚವನ್ನು ಮುಂದಿಟ್ಟು ದರ ಇಳಿಸಿಕೊಳ್ಳಬಹುದು, ಅಥವಾ ಮಾರುವವರಿಂದಲೇ ಸರಿಪಡಿಸಿಕೊಳ್ಳಬಹುದು. ಚೌಕಾಸಿಯಲ್ಲಿ ನುರಿತ ವರ್ತಕ ಬಾಂಧವರಿಗೆ ಇದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಸರಕು ಕೊಳ್ಳುವಾಗ ತೋರುವ ಎಚ್ಚರವನ್ನು ಸೂರು ಕೊಳ್ಳುವಾಗಲೂ ತೋರಿದರೆ ಸಾಕು.