ಕೀವಿ (ಪದದ ಅರ್ಥಗಳು)

ಕೀವಿ ಎಂಬುದು ನ್ಯೂಜಿಲೆಂಡ್ ದೇಶದಲ್ಲಿ ಮಾತ್ರ ಕಂಡುಬರುವ, ಹಾರಲಾರದ ಒಂದು ಹಕ್ಕಿಯ ಹೆಸರು. ಇದು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆಯ ಪದ. ಕಾಲಕ್ರಮೇಣ ಇದೇ ಪದವು ಆ ದೇಶದ ಪ್ರಜೆಗಳು, ಒಂದು ಹಣ್ಣು, ದೇಶದ ಕರೆನ್ಸಿ, ಕ್ರೀಡಾ ತಂಡಗಳು ಹಾಗೂ ಹಲವು ಸಂಸ್ಥೆಗಳನ್ನು ಸೂಚಿಸಲು ಬಳಕೆಗೆ ಬಂದಿತು. ಕನ್ನಡದಲ್ಲಿ ಇದನ್ನು 'ಕಿವಿ' ಎಂದೂ ಬರೆಯುವುದುಂಟು. ಆದರೆ ಶ್ರವಣೇಂದ್ರಿಯವನ್ನು ಸೂಚಿಸುವ ಅಚ್ಚಗನ್ನಡದ 'ಕಿವಿ' ಪದಕ್ಕೂ ಇದಕ್ಕೂ ಯಾವುದೇ ಸಂಬಂಧವಿಲ್ಲ. ಈ ಹಕ್ಕಿಯ ಹೆಸರು ಜಗತ್ತಿನಾದ್ಯಂತ ಹರಡಿದ ಕಾಲದಲ್ಲಿಯೇ ಹಕ್ಕಿಯು ದೇಶದ ರಾಜಧಾನಿ ವೆಲ್ಲಿಂಗ್ಟನ್ ಸುತ್ತಲಿನ ಗುಡ್ಡಗಳಿಂದ ಮರೆಯಾಗಿತ್ತು. ಇತ್ತೀಚೆಗೆ ಅದನ್ನು ಅಲ್ಲಿಗೆ ಮರಳಿ ತರಲಾಗಿದೆ.

ಪದದ ಮೂಲ

ಗಂಡು ಹಕ್ಕಿಯ ಕೀರಲು ಕೂಗನ್ನು ಅನುಕರಿಸಿ ಈ ಹೆಸರು ಹುಟ್ಟಿತೆಂಬುದು ಪ್ರಚಲಿತ ಅಭಿಪ್ರಾಯ. ಪೆಸಿಫಿಕ್ ದ್ವೀಪಗಳ ಪಾಲಿನೇಷಿಯನ್ ಭಾಷೆಗಳಲ್ಲಿ ಉದ್ದನೆಯ ಬಾಗಿದ ಕೊಕ್ಕಿನ ಒಂದು ವಲಸೆ ಹಕ್ಕಿಗೆ ಇದ್ದ ಹೆಸರನ್ನೇ ಮಾವೊರಿಗಳು ಈ ಹೊಸ ಹಕ್ಕಿಗೂ ಇಟ್ಟರೆಂದು ಕೆಲವು ಭಾಷಾವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ.

ಮಾವೊರಿ ಭಾಷೆಯಲ್ಲಿ ಬಹುವಚನಕ್ಕೆ 'ಸ್' ಪ್ರತ್ಯಯವಿಲ್ಲ. ಆದ್ದರಿಂದ ನ್ಯೂಜಿಲೆಂಡಿನಲ್ಲಿ ಹಕ್ಕಿ ಒಂದಿರಲಿ ಹತ್ತಿರಲಿ, 'ಕೀವಿ' ಎಂದೇ ಹೇಳುವುದು ರೂಢಿ. ಜನರನ್ನು ಸೂಚಿಸುವಾಗ ಮಾತ್ರ ಇಂಗ್ಲಿಷ್ ಪದ್ಧತಿಯಂತೆ 'ಕೀವೀಸ್' ಎನ್ನುತ್ತಾರೆ. ಕನ್ನಡ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಕಾಣುವ 'ಕಿವೀಸ್' ಎಂಬ ರೂಪ ಇದೇ ಆಗಿದೆ.

ಹಕ್ಕಿ

ಕೀವಿಯು 'ಆಪ್ಟೆರಿಕ್ಸ್' ಕುಲಕ್ಕೆ ಸೇರಿದೆ. ಇದರಲ್ಲಿ ಐದು ಪ್ರಭೇದಗಳನ್ನು ಗುರುತಿಸಲಾಗಿದೆ. ಕೋಳಿಯ ಗಾತ್ರದ ಈ ನಿಶಾಚರಿ ಹಕ್ಕಿಗೆ ಬಾಲವಿಲ್ಲ. ರೆಕ್ಕೆಗಳು ಗರಿಗಳೊಳಗೆ ಹುದುಗಿಹೋಗುವಷ್ಟು ಚಿಕ್ಕವು. ಮೂಗಿನ ಹೊಳ್ಳೆಗಳು ಕೊಕ್ಕಿನ ತುದಿಯಲ್ಲಿರುವುದರಿಂದ ಅದು ಕೊಕ್ಕನ್ನು ಮಣ್ಣಿಗೆ ಚುಚ್ಚಿ ಎರೆಹುಳು ಮತ್ತು ಕೀಟಗಳನ್ನು ವಾಸನೆಯಿಂದ ಪತ್ತೆಹಚ್ಚುತ್ತದೆ. ಮೊಟ್ಟೆಯು ತಾಯಿಹಕ್ಕಿಯ ತೂಕದ ಸುಮಾರು ಐದನೆಯ ಒಂದು ಭಾಗದಷ್ಟು ಭಾರವಿರಬಲ್ಲದು. 2014ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ ಇದರ ಅತಿ ಹತ್ತಿರದ ಸಂಬಂಧಿ ನೆರೆಯ ಆಸ್ಟ್ರೇಲಿಯಾದ ಎಮು ಅಲ್ಲ, ಅಳಿದುಹೋಗಿರುವ ಮಡಗಾಸ್ಕರಿನ ಆನೆಹಕ್ಕಿ.

ಶೂ ಪಾಲಿಶ್ ಮತ್ತು ಸೈನಿಕರು

1906ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ವಿಲಿಯಂ ರಾಮ್ಸೆ ಎಂಬವರು 'ಕೀವಿ' ಹೆಸರಿನ ಶೂ ಪಾಲಿಶ್ ತಯಾರಿಸಿದರು. ಅವರ ಪತ್ನಿ ನ್ಯೂಜಿಲೆಂಡಿನ ಓಮರು ಪಟ್ಟಣದವರಾಗಿದ್ದುದು ಈ ಹೆಸರಿಗೆ ಕಾರಣ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರು ಈ ಪಾಲಿಶನ್ನು ವ್ಯಾಪಕವಾಗಿ ಬಳಸಿದ್ದರಿಂದ ಹೆಸರು ಹಲವು ದೇಶಗಳಿಗೆ ತಲುಪಿತು. ಅದೇ ಯುದ್ಧಕಾಲದಲ್ಲಿ ನ್ಯೂಜಿಲೆಂಡಿನ ಸೈನಿಕರಿಗೆ 'ಕೀವಿ' ಎಂಬ ಅಡ್ಡಹೆಸರು ಬಂದಿತು; ಮುಂದೆ ಅದು ಆ ದೇಶದ ಎಲ್ಲ ಜನರಿಗೂ ಅನ್ವಯವಾಯಿತು. ಯುದ್ಧ ಮುಗಿದು ತಾಯ್ನಾಡಿಗೆ ಮರಳುವ ಹಡಗಿಗಾಗಿ ಕಾಯುತ್ತಿದ್ದ ನ್ಯೂಜಿಲೆಂಡ್ ಸೈನಿಕರು 1919ರಲ್ಲಿ ಇಂಗ್ಲೆಂಡಿನ ಬುಲ್‌ಫರ್ಡ್ ಬಳಿಯ ಸುಣ್ಣದಕಲ್ಲಿನ ಗುಡ್ಡದ ಮೇಲೆ ಕೆತ್ತಿದ ಬೃಹತ್ ಕೀವಿ ಚಿತ್ರ ಇಂದಿಗೂ ಉಳಿದಿದೆ.

ಹಣ್ಣು

ಕೀವಿ ಹಣ್ಣಿನ ಮೂಲ ನ್ಯೂಜಿಲೆಂಡ್ ಅಲ್ಲ, ಚೀನಾ. ಶಾಲಾ ಮುಖ್ಯೋಪಾಧ್ಯಾಯಿನಿ ಇಸಬೆಲ್ ಫ್ರೇಸರ್ 1904ರಲ್ಲಿ ಚೀನಾದಿಂದ ಇದರ ಬೀಜಗಳನ್ನು ವಾಂಗನುಯಿ ಪಟ್ಟಣಕ್ಕೆ ತಂದರು; 1910ರಲ್ಲಿ ಬಳ್ಳಿಗಳು ಮೊದಲ ಫಲ ನೀಡಿದವು. 'ಚೈನೀಸ್ ಗೂಸ್‌ಬೆರಿ' ಎಂದು ಕರೆಯಲಾಗುತ್ತಿದ್ದ ಈ ಹಣ್ಣಿಗೆ ಆಕ್ಲೆಂಡಿನ ರಫ್ತು ಸಂಸ್ಥೆಯೊಂದು ಅಮೆರಿಕದ ಮಾರುಕಟ್ಟೆಯನ್ನು ಗಮನದಲ್ಲಿಟ್ಟುಕೊಂಡು 1959ರಲ್ಲಿ 'ಕೀವಿಫ್ರೂಟ್' ಎಂದು ಹೆಸರಿಟ್ಟಿತು. ನ್ಯೂಜಿಲೆಂಡಿನಲ್ಲಿ ಹಣ್ಣನ್ನು ಬರಿದೇ 'ಕೀವಿ' ಎನ್ನುವುದಿಲ್ಲ. 'ಕೀವಿ ತಿಂದೆ' ಎಂದರೆ ಅಲ್ಲಿ ಹಕ್ಕಿಯನ್ನು ತಿಂದಂತೆ ಕೇಳಿಸುತ್ತದೆ. ಭಾರತದಲ್ಲಿ ಅರುಣಾಚಲ ಪ್ರದೇಶ, ಹಿಮಾಚಲ ಪ್ರದೇಶ ಮೊದಲಾದ ಗುಡ್ಡಗಾಡು ರಾಜ್ಯಗಳಲ್ಲಿ ಇದನ್ನು ಬೆಳೆಯಲಾಗುತ್ತದೆ.

ಇತರ ಬಳಕೆಗಳು

1967ರ ಜುಲೈ 10ರಂದು ನ್ಯೂಜಿಲೆಂಡ್ ಪೌಂಡಿನ ಬದಲಿಗೆ ಡಾಲರ್ ಜಾರಿಗೆ ಬಂದಿತು. ಒಂದು ಡಾಲರಿನ ನಾಣ್ಯದ ಮೇಲೆ ಕೀವಿಯ ಚಿತ್ರವಿದ್ದು, ವಿದೇಶಿ ವಿನಿಮಯ ವ್ಯಾಪಾರಿಗಳು ಆ ಕರೆನ್ಸಿಯನ್ನು 'ಕೀವಿ' ಎಂದೇ ಕರೆಯುತ್ತಾರೆ. ಕೀವಿಬ್ಯಾಂಕ್, ಕೀವಿರೈಲ್ ಸಂಸ್ಥೆಗಳು ಮತ್ತು 'ಕೀವಿಸೇವರ್' ನಿವೃತ್ತಿ ಉಳಿತಾಯ ಯೋಜನೆಯೂ ಇದೇ ಹೆಸರನ್ನು ಹೊತ್ತಿವೆ. ರಗ್ಬಿ ಲೀಗ್ ತಂಡದ ಅಧಿಕೃತ ಹೆಸರು 'ಕೀವೀಸ್'. ಕ್ರಿಕೆಟ್ ತಂಡದ ಹೆಸರು 'ಬ್ಲ್ಯಾಕ್ ಕ್ಯಾಪ್ಸ್' ಆಗಿದ್ದರೂ ಭಾರತದ ಮಾಧ್ಯಮಗಳು ಅದನ್ನೂ ಕಿವೀಸ್ ಎನ್ನುತ್ತವೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಈ ತಂಡವು ಭಾರತವನ್ನು 46 ರನ್ನುಗಳಿಗೆ ಆಲೌಟ್ ಮಾಡಿ, 1988ರ ನಂತರ ಭಾರತದ ನೆಲದಲ್ಲಿ ತನ್ನ ಮೊದಲ ಟೆಸ್ಟ್ ಗೆಲುವನ್ನು ಪಡೆಯಿತು. ಆ ಪಂದ್ಯದಲ್ಲಿ ಶತಕ ಬಾರಿಸಿದ ರಚಿನ್ ರವೀಂದ್ರ ವೆಲ್ಲಿಂಗ್ಟನ್ನಿನಲ್ಲಿ ಹುಟ್ಟಿದವರು; ಅವರ ತಂದೆತಾಯಿ ಬೆಂಗಳೂರು ಮೂಲದವರು.

ವೆಲ್ಲಿಂಗ್ಟನ್ ಮತ್ತು ಕೀವಿಯ ಮರಳುವಿಕೆ

ಉತ್ತರ ದ್ವೀಪದ ದಕ್ಷಿಣ ತುದಿಯಲ್ಲಿರುವ ವೆಲ್ಲಿಂಗ್ಟನ್ 1865ರಿಂದ ನ್ಯೂಜಿಲೆಂಡಿನ ರಾಜಧಾನಿಯಾಗಿದೆ. ಸ್ವತಂತ್ರ ರಾಷ್ಟ್ರಗಳ ರಾಜಧಾನಿಗಳಲ್ಲಿ ಇದು ಜಗತ್ತಿನಲ್ಲೇ ಅತ್ಯಂತ ದಕ್ಷಿಣದಲ್ಲಿದೆ. 1799ರ ಶ್ರೀರಂಗಪಟ್ಟಣ ಯುದ್ಧದಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಹೋರಾಡಿದ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದನು. ನಗರಕ್ಕೆ ಅವನ ಹೆಸರನ್ನೇ ಇಡಲಾಗಿದೆ.

ಬಾವಲಿಗಳ ಹೊರತು ನೆಲದ ಮೇಲಿನ ಸಸ್ತನಿಗಳೇ ಇಲ್ಲದಿದ್ದ ದ್ವೀಪಗಳಲ್ಲಿ ವಿಕಾಸಗೊಂಡ ಕೀವಿಗೆ ಹಾರುವ ಅಗತ್ಯವಿರಲಿಲ್ಲ. ಮನುಷ್ಯರೊಂದಿಗೆ ನಾಯಿ, ಬೆಕ್ಕುಗಳು ಬಂದವು. 1880ರ ದಶಕದಲ್ಲಿ ಮೊಲಗಳ ಹಾವಳಿ ತಡೆಯಲು ಸ್ಟೋಟ್ ಎಂಬ ಮುಂಗುಸಿಯಂಥ ಸಣ್ಣ ಮಾಂಸಾಹಾರಿ ಪ್ರಾಣಿಯನ್ನು ತಂದು ಬಿಡಲಾಯಿತು. ಸುಮಾರು ಒಂದು ಕಿಲೋ ತೂಕ ಬಂದ ಮೇಲೆ ಕೀವಿಯು ಸ್ಟೋಟನ್ನು ಕಾಲಿನಿಂದ ಒದ್ದು ಎದುರಿಸಬಲ್ಲದು. ಆದರೆ ರಕ್ಷಣೆಯಿಲ್ಲದ ಕಡೆಗಳಲ್ಲಿ ಹೆಚ್ಚಿನ ಮರಿಗಳು ಆ ತೂಕ ತಲುಪುವುದೇ ಇಲ್ಲ. ನಾಯಿಯ ದಾಳಿಯಿಂದ ಬೆಳೆದ ಹಕ್ಕಿಯೂ ಪಾರಾಗಲಾರದು.

ಮರಳಿ ತರುವ ಮೊದಲ ಪ್ರಯತ್ನ ಬೇಲಿಯೊಳಗೆ ನಡೆಯಿತು. ನಗರದ ಕರೋರಿ ಭಾಗದ 225 ಹೆಕ್ಟೇರ್ ಕಣಿವೆಯ ಸುತ್ತ 1999ರಲ್ಲಿ ಸುಮಾರು 8.6 ಕಿ.ಮೀ. ಉದ್ದದ ಬೇಲಿ ಪೂರ್ಣಗೊಂಡಿತು. ಈಗ 'ಜೀಲ್ಯಾಂಡಿಯಾ' ಎನಿಸಿಕೊಂಡಿರುವ ಈ ಧಾಮಕ್ಕೆ ಚುಕ್ಕೆಯುಳ್ಳ ಸಣ್ಣ ಕೀವಿಗಳನ್ನು ತಂದು ಬಿಡಲಾಯಿತು. ಎರಡನೆಯದು ಬೇಲಿಯಿಲ್ಲದ ಪ್ರಯತ್ನ. 'ಕ್ಯಾಪಿಟಲ್ ಕೀವಿ' ಯೋಜನೆಯಡಿ ರೈತರು, ಮಾವೊರಿ ಸಮುದಾಯ ಹಾಗೂ ಸ್ವಯಂಸೇವಕರು ನಗರದ ಪಶ್ಚಿಮದ ಗುಡ್ಡಗಳಲ್ಲಿ ಸಾವಿರಾರು ಬೋನುಗಳನ್ನಿಟ್ಟು ಸ್ಟೋಟ್‌ಗಳನ್ನು ಹತೋಟಿಗೆ ತಂದರು. 2022ರ ನವೆಂಬರಿನಲ್ಲಿ ಅಲ್ಲಿ ಮೊದಲ ಕೀವಿಗಳನ್ನು ಬಿಡಲಾಯಿತು. 2023ರಲ್ಲಿ ಅವುಗಳಿಗೆ ಹುಟ್ಟಿದ ಮರಿಗಳು ಪತ್ತೆಯಾದವು. ಬೇಲಿಯಿಲ್ಲದ ಪ್ರದೇಶದಲ್ಲಿ ಬೋನುಗಳ ನಿರ್ವಹಣೆ ನಿಂತರೆ ಸ್ಟೋಟ್‌ಗಳು ಮತ್ತೆ ಹೆಚ್ಚುತ್ತವೆ. ಹಾಗಾಗಿ ಈ ಹಕ್ಕಿಗಳ ಉಳಿವು ಬೋನುಗಳ ನಿರಂತರ ನಿರ್ವಹಣೆಯನ್ನೂ, ನಿವಾಸಿಗಳು ತಮ್ಮ ನಾಯಿಗಳನ್ನು ಹಗ್ಗದಲ್ಲಿ ಹಿಡಿದಿಡುವುದನ್ನೂ ಅವಲಂಬಿಸಿದೆ.