ಒಂದು ಕೇಸು, ಮೂರು ನಂಬರು

ತಾಲ್ಲೂಕು ನ್ಯಾಯಾಲಯವೊಂದರ ಆವರಣದಲ್ಲಿ ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆಯ ಹಿರಿಯರೊಬ್ಬರು ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದರು. ಪಹಣಿ, ಆಧಾರ್ ಜೆರಾಕ್ಸು, ತಂಬಾಕು ಮಂಡಳಿಯ ಕಾಗದ, ಇವುಗಳ ನಡುವೆ ನಾಲ್ಕು ಮಡಿಕೆಯ ಒಂದು ಹಾಳೆ. "ಮಗನ ಕೇಸಿನ ನಕಲು ಬೇಕು ಸ್ವಾಮಿ. ನಂಬರ್ ಹೇಳಿ ಅಂತಾರೆ. ಹೇಳಿದ್ರೆ ಆ ನಂಬರಲ್ಲಿ ನಿಮ್ಮ ಕೇಸೇ ಇಲ್ಲ ಅಂತಾರೆ" ಎಂದರು. ಮಡಿಕೆ ಬಿಚ್ಚಿ ನೋಡಿದರೆ ಅದು ಎಫ್‌ಐಆರ್‌ನ ಮೊದಲ ಪುಟ. ಅವರು ಹೇಳುತ್ತಿದ್ದುದು ಪೊಲೀಸ್ ಠಾಣೆಯ ನಂಬರು, ಒಳಗೆ ಕೇಳುತ್ತಿದ್ದುದು ಕೋರ್ಟಿನ ನಂಬರು.

ಕೊಲೆ, ದರೋಡೆ, ಅತ್ಯಾಚಾರದಂಥ ಘೋರ ಅಪರಾಧದ ಕಡತ ಹುಟ್ಟಿದ ಜಾಗದಲ್ಲೇ ಕೂರುವುದಿಲ್ಲ. ಹೋದ ಕಡೆಯಲ್ಲೆಲ್ಲ ಅದಕ್ಕೆ ಹೊಸ ನಂಬರು ಬೀಳುತ್ತದೆ. ಬೆಟ್ಟದಪುರ ಠಾಣೆಯಲ್ಲಿ ದೂರು ದಾಖಲಾದ ದಿನ ಸಿಗುವುದು ಅಪರಾಧ ಸಂಖ್ಯೆ, ಅಂದರೆ ಕ್ರೈಂ ನಂಬರು. ತನಿಖೆ ಮುಗಿದು ಚಾರ್ಜ್‌ಶೀಟು ಪಿರಿಯಾಪಟ್ಟಣದ ಜೆಎಂಎಫ್‌ಸಿ, ಅಂದರೆ ಮೊದಲ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಬಂದಾಗ ಸಾಮಾನ್ಯವಾಗಿ ಸಿ.ಸಿ. ನಂಬರು ಬೀಳುತ್ತದೆ. ಆದರೆ ಕೊಲೆ ಕೇಸಿನ ವಿಚಾರಣೆ ನಡೆಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿಲ್ಲ. ಅವರು ಕಡತವನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಇದಕ್ಕೆ ವಕೀಲರು 'ಕಮಿಟ್ ಆಯಿತು' ಎನ್ನುತ್ತಾರೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 209ನೇ ಕಲಂನಲ್ಲಿದ್ದ ಈ ಕ್ರಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 232ನೇ ಕಲಂ. ಸೆಷನ್ಸ್‌ಗೆ ಹೋದ ಮೇಲೆ ಅದೇ ಕೇಸು ಎಸ್.ಸಿ., ಅಂದರೆ ಸೆಷನ್ಸ್ ಕೇಸ್ ನಂಬರಿನಲ್ಲಿ ನಡೆಯುತ್ತದೆ. ಹಿರಿಯರ ಮಗನ ಕೇಸೂ ಹೀಗೆಯೇ ಮುಂದೆ ಹೋಗಿತ್ತು. ಅವರು ಮಾತ್ರ ಮೊದಲ ಹಾಳೆ ಹಿಡಿದು ಮೊದಲ ಬಾಗಿಲಲ್ಲೇ ನಿಂತಿದ್ದರು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯಡಿ ಬರುವಂಥ ಕೆಲವು ಕೇಸುಗಳು ಮಾತ್ರ ನೇರವಾಗಿ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತವೆ.

ಕಡತದ ಈ ಓಡಾಟ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆಟ್ಟದಪುರದ ಹೆಸರಿನಲ್ಲೇ ಒಂದು ಕೇಸಿದೆ. ಕುಶಾಲನಗರದ ಕಡೆಯ ಬುಡಕಟ್ಟು ಸಮುದಾಯದ ಒಬ್ಬರು 2020ರಲ್ಲಿ ಹೆಂಡತಿ ಕಾಣೆಯಾಗಿದ್ದಾಳೆಂದು ಕೊಡಗಿನಲ್ಲಿ ದೂರು ಕೊಟ್ಟರು. ಆಮೇಲೆ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ ಎಂದು ತೀರ್ಮಾನಿಸಿ, ದೂರು ಕೊಟ್ಟ ಗಂಡನ ಮೇಲೇ ಕೊಲೆಯ ಆರೋಪ ಹೊರಿಸಲಾಯಿತು. ಅವರು ಜೈಲಿಗೆ ಹೋದರು. ವಿಚಾರಣೆ ನಡೆದದ್ದು ಮೈಸೂರಿನ 5ನೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ. 2025ರ ಏಪ್ರಿಲ್‌ನಲ್ಲಿ ಆ ಹೆಂಗಸು ಮಡಿಕೇರಿಯಲ್ಲಿ ಜೀವಂತ ಕಾಣಿಸಿಕೊಂಡಳು. ಅದೇ ತಿಂಗಳು ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಕಾಣೆಯಾದ ದೂರು ಒಂದು ಜಿಲ್ಲೆಯಲ್ಲಿ, ಕೊಲೆಯ ಎಫ್‌ಐಆರ್ ಇನ್ನೊಂದು ಜಿಲ್ಲೆಯಲ್ಲಿ, ತೀರ್ಪು ಮೈಸೂರಿನಲ್ಲಿ. ಇವು ಮೂರೂ ಬೇರೆ ಬೇರೆ ದಾಖಲೆ. ಕೂಲಿ ಮಾಡಿ ಬದುಕುವ ಕುಟುಂಬವೊಂದು ಇಷ್ಟನ್ನೂ ಬೆನ್ನಟ್ಟಿ ಒಂದೆಡೆ ಸೇರಿಸಬೇಕೆಂದರೆ ಎಷ್ಟು ದಿನದ ಕೂಲಿ ಹೋಗುತ್ತದೆ, ಎಷ್ಟು ಬಸ್ಸು ಹತ್ತಿ ಇಳಿಯಬೇಕು ಎಂದು ಯೋಚಿಸಿದಾಗಲೇ ಈ ಅಧ್ಯಾಯ ಬರೆಯಲೇಬೇಕು ಅನ್ನಿಸಿದ್ದು.

ಹುಡುಕುವ ಕೆಲಸವನ್ನು ಮೊಬೈಲಿನಲ್ಲೇ ಶುರು ಮಾಡಬಹುದು. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ಇದು ಅನ್ವಯಿಸದು. ಕರ್ನಾಟಕ ರಾಜ್ಯ ಪೊಲೀಸ್ ತಾಣದಲ್ಲಿ ಹುಡುಕುವಾಗ ಒಂದು ಎಚ್ಚರ ಬೇಕು. ಮೈಸೂರು ನಗರ ಮತ್ತು ಮೈಸೂರು ಜಿಲ್ಲೆ ಅಲ್ಲಿ ಬೇರೆ ಬೇರೆ ಘಟಕ. ಬೆಟ್ಟದಪುರ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲವೂ ಜಿಲ್ಲೆಯ ಕೆಳಗೆ ಬರುತ್ತವೆ. ದೂರು ಕೊಟ್ಟವರಿಗಂತೂ ಎಫ್‌ಐಆರ್ ಪ್ರತಿಯನ್ನು ಠಾಣೆಯಲ್ಲೇ ಪುಕ್ಕಟೆ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ತಿಳಿಸಬೇಕೆಂದೂ ಹೊಸ ಸಂಹಿತೆಯ 193ನೇ ಕಲಂ ಹೇಳುತ್ತದೆ.

ಕೋರ್ಟಿನ ನಂಬರಿಗೆ ಇ-ಕೋರ್ಟ್ಸ್ ತಾಣ ಅಥವಾ ಆ್ಯಪ್ ಇದೆ. ಕರ್ನಾಟಕ, ಮೈಸೂರು ಜಿಲ್ಲೆ, ಆಮೇಲೆ ನ್ಯಾಯಾಲಯ ಸಂಕೀರ್ಣ ಎಂದು ಆರಿಸಿ, 'ಎಫ್‌ಐಆರ್ ಸಂಖ್ಯೆ' ಎಂಬಲ್ಲಿ ಠಾಣೆ, ನಂಬರು, ವರ್ಷ ತುಂಬಬೇಕು. ಬಹಳ ಮಂದಿ ಎಡವುವುದು ಇಲ್ಲೇ. ಪಿರಿಯಾಪಟ್ಟಣವನ್ನು ಆರಿಸಿದರೆ ಅದು ಪಿರಿಯಾಪಟ್ಟಣದಲ್ಲಿರುವುದನ್ನಷ್ಟೇ ತೋರಿಸುತ್ತದೆ. ಕೇಸು ಕಮಿಟ್ ಆಗಿದ್ದರೆ ಮೈಸೂರನ್ನೂ, ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಕೂರುವ ಹುಣಸೂರನ್ನೂ ಆರಿಸಿ ನೋಡಬೇಕು. ಹೆಸರಿನಿಂದ ಹುಡುಕುವವರು ಇಂಗ್ಲಿಷ್ ಕಾಗುಣಿತವನ್ನು ಎರಡು ಮೂರು ಬಗೆಯಲ್ಲಿ ಬರೆದು ನೋಡಿ. ಲಕ್ಷ್ಮಮ್ಮನ ಹೆಸರಿನ ನಡುವೆ ಗುಮಾಸ್ತರು ಕೆ-ಎಸ್-ಎಚ್ ಬರೆದಿರಬಹುದು, ಎಕ್ಸ್ ಬರೆದಿರಬಹುದು. ಬಾಕಿ, ಇತ್ಯರ್ಥ, ಎರಡೂ ಎಂಬ ಆಯ್ಕೆಗಳಲ್ಲಿ 'ಎರಡೂ' ಒತ್ತುವುದು ಒಳ್ಳೆಯದು.

ಸಿಕ್ಕಿತೆಂದರೆ ತೆರೆಯ ಮೇಲೆ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಸಾಲು ಕಾಣುತ್ತದೆ. ಮೊದಲೆರಡು ರಾಜ್ಯಕ್ಕೆ, ಮುಂದಿನೆರಡು ಜಿಲ್ಲೆಗೆ, ಇನ್ನೆರಡು ನ್ಯಾಯಾಲಯಕ್ಕೆ, ಆಮೇಲೆ ಆರಂಕಿಯ ಕ್ರಮಸಂಖ್ಯೆ, ಕೊನೆಗೆ ವರ್ಷ. ಇದೊಂದನ್ನು ಬರೆದಿಟ್ಟುಕೊಂಡರೆ ಮತ್ತೆ ಹುಡುಕುವ ಪಾಡಿಲ್ಲ. ಆ ಹಿರಿಯರ ಎಫ್‌ಐಆರ್ ಹಾಳೆಯ ಬೆನ್ನ ಮೇಲೆ ನಾನು ಎಸ್.ಸಿ. ನಂಬರನ್ನೂ ಸಿಎನ್‌ಆರನ್ನೂ ದಪ್ಪಗೆ ಬರೆದುಕೊಟ್ಟೆ.

ತಾಣದಲ್ಲಿ ಸಿಗುವ ಆದೇಶವನ್ನು ಓದಿ ತಿಳಿಯಬಹುದು, ಆದರೆ ಬೇರೆ ಕಚೇರಿಯಲ್ಲಿ ಅದು ನಡೆಯದು. ಅಲ್ಲಿಗೆ ದೃಢೀಕೃತ ನಕಲು ಬೇಕು, ಅದಕ್ಕೆ ಕಡತ ಇರುವ ನ್ಯಾಯಾಲಯದಲ್ಲೇ ಅರ್ಜಿ ಹಾಕಬೇಕು. ನ್ಯಾಯಾಲಯದ ಹೆಸರು, ಕೇಸಿನ ನಂಬರು, 'ರಾಜ್ಯ, ಬೆಟ್ಟದಪುರ ಪೊಲೀಸ್ ಠಾಣೆ' ಒಂದು ಪಕ್ಷವಾಗಿಯೂ ಆರೋಪಿ ಇನ್ನೊಂದು ಪಕ್ಷವಾಗಿಯೂ ಇರುವ ತಲೆಬರಹ, ಯಾವ ತಾರೀಖಿನ ಯಾವ ದಾಖಲೆ, ಯಾತಕ್ಕೆ ಎಂಬುದು ಅದರಲ್ಲಿರಬೇಕು. 'ಕೇಸಿನ ಎಲ್ಲ ಕಾಗದ' ಎಂದು ಬರೆಯಬೇಡಿ. ತೀರ್ಪೋ, ಸಾಕ್ಷಿಯ ಹೇಳಿಕೆಯೋ, ಮಹಜರೋ, ಮರಣೋತ್ತರ ಪರೀಕ್ಷೆಯ ವರದಿಯೋ ಎಂದು ಬಿಡಿಸಿ ಬರೆಯಿರಿ.

ಆರೋಪಿಗೆ ಚಾರ್ಜ್‌ಶೀಟು ಮತ್ತು ಅದರ ಜೊತೆಯ ಕಾಗದಗಳು ಪುಕ್ಕಟೆಯಾಗಿ ಸಿಗಬೇಕು, ಹಾಜರಾದ 14 ದಿನದೊಳಗೆ. ವಕೀಲರನ್ನಿಟ್ಟುಕೊಂಡ ಸಂತ್ರಸ್ತರಿಗೂ ಹೊಸ ಸಂಹಿತೆಯ 230ನೇ ಕಲಂ ಈ ಹಕ್ಕು ಕೊಟ್ಟಿದೆ. ನನ್ನ ಮಟ್ಟಿಗೆ ಹೊಸ ಕಾನೂನಿನ ದೊಡ್ಡ ಒಳಿತುಗಳಲ್ಲಿ ಇದೊಂದು. ಮಗಳನ್ನು ಕಳೆದುಕೊಂಡ ತಾಯಿ ಅಷ್ಟು ದಿನ ಕೋರ್ಟಿನಲ್ಲಿ ಬರೀ ಸಾಕ್ಷಿಯಾಗಿ ನಿಲ್ಲುತ್ತಿದ್ದಳು. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ಕೂಡಲೇ, ದುಡ್ಡಿಲ್ಲದೆ ಕೊಡಬೇಕು. ಕೇಸಿಗೆ ಸಂಬಂಧವಿಲ್ಲದ ಮೂರನೆಯವರು ಕಾರಣ ತೋರಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಮಾಹಿತಿ ಹಕ್ಕಿನಡಿ ಕೋರ್ಟಿನ ಕಡತ ಕೇಳಿ ತಿಂಗಳು ಕಳೆಯಬೇಡಿ. ನಕಲು ಪಡೆಯಲು ಕೋರ್ಟಿನ ನಿಯಮಗಳೇ ದಾರಿ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೀರ್ಮಾನಿಸಿದೆ. ಚಾರ್ಜ್‌ಶೀಟು ಎಲ್ಲರಿಗೂ ತೆರೆದಿಡುವ ಸಾರ್ವಜನಿಕ ದಾಖಲೆಯಲ್ಲ ಎಂದು 2023ರಲ್ಲಿ ಹೇಳಿದ್ದೂ ಅದೇ ನ್ಯಾಯಾಲಯ. ಅತ್ಯಾಚಾರಕ್ಕೊಳಗಾದವರ ಹೆಸರು, ಮಕ್ಕಳ ಗುರುತು ಹೊರಬೀಳಬಾರದೆಂಬ ಕಟ್ಟು ಎಲ್ಲರ ಮೇಲೂ ಇದೆ. ಅದು ಇರಲೇಬೇಕು.

ನಕಲು ಕೈಗೆ ಬಂದಾಗ ಮೊದಲು ಕೊನೆಯ ಹಾಳೆಯ ಮೊಹರು ನೋಡಿ. ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಅಲ್ಲಿ ನಮೂದಾಗಿರುತ್ತವೆ. ಸೆಷನ್ಸ್ ನ್ಯಾಯಾಲಯ ಕೊಟ್ಟ ಶಿಕ್ಷೆಯ ವಿರುದ್ಧ ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ ಹಾಕಲು 60 ದಿನ, ಮರಣದಂಡನೆಯಾದರೆ 30 ದಿನ. ನಕಲು ತಯಾರಾಗಲು ಹಿಡಿದ ಕಾಲವನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ತೀರ್ಪು ಬಂದ ಮಾರನೇ ದಿನ ಅರ್ಜಿ ಹಾಕಿದವರಿಗೆ ಸಿಗುವ ಈ ಅನುಕೂಲ, ಅವಧಿ ಮುಗಿದ ಮೇಲೆ ಅರ್ಜಿ ಹಾಕಿದವರಿಗೆ ಸಿಗದು. ಮೇಲ್ಮನವಿ ದಾಖಲಾದ ಮೇಲೆ ಮೂಲ ಕಡತವೇ ಬೆಂಗಳೂರಿಗೆ ಹೋಗಿರಬಹುದು, ಆಗ ಇಲ್ಲಿ ಅರ್ಜಿ ಹಾಕಿದರೆ ಹಿಂದಿರುಗಿಸುತ್ತಾರೆ.

ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಆದಾಯದ ಲೆಕ್ಕವಿಲ್ಲದೆ ಪುಕ್ಕಟೆ ವಕೀಲರನ್ನು ಕೇಳಬಹುದು. ಇದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಟ್ಟ ಹಕ್ಕು. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಸಿಗುತ್ತದೆ. ಫೋನಿನಲ್ಲಾದರೆ 15100. ಆ ಹಿರಿಯರನ್ನು ಅಲ್ಲಿಗೆ ಕರೆದೊಯ್ದಾಗ ಮೇಜಿನಾಚೆ ಕೂತಿದ್ದ ಹೆಣ್ಣುಮಗಳು ಹಾಳೆಯ ಬೆನ್ನಲ್ಲಿದ್ದ ನಂಬರು ಓದಿ, "ಕೂತ್ಕೊಳ್ಳಿ ತಾತ, ಅರ್ಜಿ ನಾನೇ ಬರೀತೀನಿ" ಎಂದಳು.