ಕಾರಿನ ಪೂರ್ವಜನ್ಮದ ವಾಸನೆ

ಪೂರ್ವಜನ್ಮದ ವಾಸನೆ ಮನುಷ್ಯನನ್ನು ಸುಲಭವಾಗಿ ಬಿಡುವುದಿಲ್ಲವೆಂದು ಹಿರಿಯರು ಹೇಳುವುದುಂಟು. ಮನುಷ್ಯನ ಮಾತು ಹೇಗೇ ಇರಲಿ, ಹಳೆಯ ಕಾರಿನ ವಿಷಯದಲ್ಲಿ ಅದು ಅಕ್ಷರಶಃ ನಿಜವೆಂಬುದನ್ನು ನಾವು ಕಳೆದ ವರ್ಷ ಕಂಡುಕೊಂಡೆವು. ನಾವು ಕೊಂಡ ಕಾರಿಗೆ ಆಗಲೇ ಏಳು ವರ್ಷ ತುಂಬಿತ್ತು. ಹಿಂದಿನ ಒಡೆಯರಿಗೆ ಸಿಗರೇಟಿನ ಅಭ್ಯಾಸವಿತ್ತು. ಅವರ ನಾಯಿ ಹಿಂಬದಿಯ ಸೀಟಿನಲ್ಲಿ ಮಲಗಿ ಪಯಣಿಸುತ್ತಿತ್ತು. ಕಾರನ್ನು ನೋಡಲು ಹೋದ ದಿನ, ಮುಂಜಾನೆಯ ತಂಪಿನಲ್ಲಿ, ಅದರೊಳಗೆ ನಿಂಬೆಯ ಪರಿಮಳವಲ್ಲದೆ ಬೇರೇನೂ ಇರಲಿಲ್ಲ. ಮೂರನೆಯ ದಿನ ಬಿಸಿಲಿನಲ್ಲಿ ನಿಂತಿದ್ದ ಕಾರಿನ ಬಾಗಿಲನ್ನು ತೆರೆದಾಗ, ಹಳಸಿದ ಹೊಗೆಯ ನಾತವೂ ನಾಯಿಯ ಕಮಟು ವಾಸನೆಯೂ ಜೊತೆಗೂಡಿ ಹೊರಬಂದವು. ಮನೆಯಲ್ಲಿ ಎಂಟು ತಿಂಗಳ ಕೂಸಿತ್ತು. ಕೈಗೆ ಸಿಕ್ಕಿದುದನ್ನೆಲ್ಲ ಬಾಯಿಗಿಡುವ ವಯಸ್ಸು. ಈ ಕಾರಿನಲ್ಲಿ ಮಗುವನ್ನು ಕೂರಿಸಬಹುದೇ ಎಂಬ ಪ್ರಶ್ನೆ ಎದ್ದಾಗ, ವಿಷಯವು ಕೇವಲ ಮೂಗಿಗೆ ಸಂಬಂಧಿಸಿದುದಾಗಿ ಉಳಿಯಲಿಲ್ಲ.

ವಾಸನೆಯನ್ನು ಓಡಿಸಬೇಕಾದರೆ ಅದು ಎಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕಷ್ಟೆ. ವಾಸನೆಯೆಂಬುದು ವಸ್ತುವಿನಿಂದ ಆವಿಯಾಗಿ ಹೊರಟ ಅಣುಗಳು ನಮ್ಮ ಮೂಗನ್ನು ಸೇರಿದಾಗ ಆಗುವ ಅನುಭವ. ಮೂಗಿನೊಳಗೆ ಇಂಥ ಅಣುಗಳನ್ನು ಗುರುತಿಸುವ ಗ್ರಾಹಕಗಳಲ್ಲಿ ಸುಮಾರು 400 ಬಗೆಗಳಿವೆ. ಇವುಗಳ ಜೀನುಗಳನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಣುಗಳು ಗಾಳಿಯಲ್ಲಿ ಬರುವುದಾದರೆ, ಗಾಳಿಯನ್ನು ಬದಲಾಯಿಸಿದರೆ ಸಾಕಲ್ಲವೇ? ಸಾಮಾನ್ಯ ಕಾರಿನೊಳಗೆ ಹಿಡಿಯುವ ಗಾಳಿ ಸುಮಾರು 3 ಘನ ಮೀಟರು ಮಾತ್ರ. ನಾವು ನಾಲ್ಕು ಕಿಟಕಿಗಳನ್ನೂ ಇಳಿಸಿ ಎರಡು ಕಿಲೋಮೀಟರು ಓಡಿಸಿ ಬಂದೆವು. ನಾತ ಮಾಯವಾಯಿತು. ಕಿಟಕಿಗಳನ್ನು ಏರಿಸಿ ಕಾರನ್ನು ಒಂದು ಗಂಟೆ ಬಿಸಿಲಿಗೆ ಬಿಟ್ಟೆವು. ನಾತ ಮರಳಿ ಬಂದಿತು! ಗಾಳಿಯೆಲ್ಲ ಹೊಸದು, ವಾಸನೆ ಮಾತ್ರ ಹಳೆಯದು. ಆದುದರಿಂದ ಅದರ ಉಗ್ರಾಣ ಗಾಳಿಯಲ್ಲಿಲ್ಲ. ಸೀಟಿನ ಬಟ್ಟೆ, ಅದರಡಿಯ ಫೋಮು, ನೆಲಹಾಸು, ಚಾವಣಿಯ ಒಳಬಟ್ಟೆ, ಏ.ಸಿ.ಯ ಕೊಳವೆ ಇವುಗಳಲ್ಲಿದೆ.

ಘನವಸ್ತುವಿನ ಮೇಲ್ಮೈಗೆ ಅನಿಲದ ಅಣುಗಳು ಅಂಟಿಕೊಳ್ಳುವ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ಸ್ಪಂಜು ನೀರನ್ನು ಒಳಕ್ಕೆ ಹೀರುವಂತಲ್ಲ ಇದು. ಗೋಡೆಗೆ ಸುಣ್ಣ ಹತ್ತಿದಂತೆ ಮೈಮೇಲೆ ಹತ್ತುವುದು. ಈ ಕ್ರಿಯೆಯನ್ನು ಕುರಿತ ಸಂಶೋಧನೆಗಳಿಗಾಗಿ ಹೆಸರಾದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1932ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಮೇಲ್ಮೈಗೆ ಅಣುಗಳು ಬಂದು ಕೂರುತ್ತಲೂ ಅಲ್ಲಿಂದ ಎದ್ದು ಹೋಗುತ್ತಲೂ ಇರುತ್ತವೆ. ಉಷ್ಣತೆ ಏರಿದಷ್ಟೂ ಎದ್ದುಹೋಗುವ ಅಣುಗಳ ಸಂಖ್ಯೆ ಹೆಚ್ಚುತ್ತದೆ. ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಳತೆಗಳಂತೆ, ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮಕ್ಕಳನ್ನಾಗಲಿ ಪ್ರಾಣಿಗಳನ್ನಾಗಲಿ ಅಂಥ ಕಾರಿನಲ್ಲಿ ಕ್ಷಣಕಾಲವೂ ಬಿಡಬಾರದೆನ್ನುವುದು ಇದಕ್ಕಾಗಿಯೇ. ಮುಂಜಾನೆ ಮುಗ್ಧವಾಗಿದ್ದ ಕಾರು ಮಧ್ಯಾಹ್ನ ತನ್ನ ಗುಟ್ಟನ್ನು ಹೊರಗೆಡಹಿದುದೂ ಇದರಿಂದಲೇ.

ಹೊಗೆಯ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಸಿಗರೇಟಿನ ಹೊಗೆಯೆಂದರೆ ಅನಿಲಗಳೊಡನೆ ತೇಲುವ ಟಾರಿನ ಅತಿ ಸಣ್ಣ ಹನಿಗಳು. ಬಹುಪಾಲು ಹನಿಗಳ ಗಾತ್ರ ಒಂದು ಮೈಕ್ರಾನಿಗಿಂತಲೂ ಕಡಿಮೆ. ಇವು ಸಿಕ್ಕ ಸಿಕ್ಕ ಮೇಲ್ಮೈಯ ಮೇಲೆಲ್ಲ ಕಂದುಬಣ್ಣದ ತೆಳುಪೊರೆಯಾಗಿ ಕೂರುತ್ತವೆ. ಈ ಪೊರೆಯಲ್ಲಿರುವ ನಿಕೋಟಿನ್ ಸುಮ್ಮನೆ ಕೂರುವುದಿಲ್ಲ. ಗ್ಯಾಸ್ ಒಲೆಗಳಿಂದಲೂ ಎಂಜಿನ್ನುಗಳಿಂದಲೂ ಹೊರಡುವ ನೈಟ್ರಸ್ ಆಮ್ಲದ ಆವಿಯೊಡನೆ ಅದು ಕೂಡಿ, ಕ್ಯಾನ್ಸರ್ ತರಬಲ್ಲ ನೈಟ್ರೊಸಮೀನ್ ಎಂಬ ವಸ್ತುಗಳಾಗುವುದೆಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯ ವಿಜ್ಞಾನಿಗಳು 2010ರಲ್ಲಿ ತೋರಿಸಿದರು. ಧೂಮಪಾನಿಯೊಬ್ಬರ ವಾಹನದ ಒಳಮೈ ಮೇಲೆಯೇ ಅವರಿಗೆ ಆ ವಸ್ತುಗಳು ದೊರೆತವು. ಸೀಟನ್ನು ತಡವಿದ ಕೈಯನ್ನು ಬಾಯಿಗಿಡುವ ಕೂಸಿನ ಬಗ್ಗೆ ನಮಗೆ ಚಿಂತೆಯಾದುದರಲ್ಲಿ ಆಶ್ಚರ್ಯವಿಲ್ಲ.

ನಾಯಿಯ ವಾಸನೆಯ ಮೂಲ ಬೇರೆ. ಅದರ ಚರ್ಮದ ಜಿಡ್ಡು, ಜೊಲ್ಲು, ಕೂದಲು ಇವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ನಾರುವ ವಸ್ತುಗಳನ್ನು ಬಿಡುತ್ತವೆ. ಮೂತ್ರವೂ ಬಿದ್ದಿದ್ದರೆ ಅದರಲ್ಲಿಯ ಯೂರಿಯವನ್ನು ಬ್ಯಾಕ್ಟೀರಿಯಗಳು ಯೂರಿಯೇಸ್ ಎಂಬ ಕಿಣ್ವದಿಂದ ಒಡೆದು ಅಮೋನಿಯವನ್ನು ಉಂಟುಮಾಡುತ್ತವೆ. ಮೇಲಿನ ಬಟ್ಟೆ ಎಷ್ಟೇ ಸ್ವಚ್ಛವಾಗಿ ಕಂಡರೂ, ಒಳಗಿನ ಫೋಮಿನಲ್ಲಿ ಈ ಕಾರ್ಖಾನೆ ನಡೆದೇ ಇರುತ್ತದೆ.

ಹಾಗಾದರೆ ಅಂಗಡಿಯ ಸುಗಂಧದ ಸೀಸೆಯಿಂದ ಆಗುವ ಪ್ರಯೋಜನವೇನು? ಅದು ಗಾಳಿಗೆ ಇನ್ನಷ್ಟು ಅಣುಗಳನ್ನು ಸೇರಿಸುತ್ತದೆಯೇ ಹೊರತು ಇದ್ದವುಗಳಲ್ಲಿ ಒಂದನ್ನೂ ತೆಗೆಯುವುದಿಲ್ಲ. ಮೇಲಾಗಿ ನಮ್ಮ ಮೂಗು ಯಾವ ವಾಸನೆಗಾದರೂ ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಂಡು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಕಾರಿನ ವಾಸನೆ ಕಟ್ಟಕಡೆಗೆ ತಿಳಿಯುವುದು ಅದರ ಒಡೆಯನಿಗೇ!

ಪರಿಹಾರವು ಉಗ್ರಾಣವನ್ನು ಬರಿದುಮಾಡುವುದರಲ್ಲಿದೆ. ನಾವು ಅನುಸರಿಸಿದ ಕ್ರಮ ಹೀಗಿತ್ತು. ಮೊದಲು ಬೂದಿ, ಕೂದಲು, ಧೂಳುಗಳನ್ನು ವ್ಯಾಕ್ಯೂಮ್ ಯಂತ್ರದಿಂದ ಎಳೆದು ತೆಗೆದೆವು. ಅನಂತರ ಗಾಜು, ಪ್ಲಾಸ್ಟಿಕ್ ಭಾಗಗಳನ್ನು ಸಾಬೂನಿನ ನೀರಿನಿಂದ ಒರೆಸಿದೆವು. ಬಿಳಿಯ ಬಟ್ಟೆ ಚಹದ ಬಣ್ಣಕ್ಕೆ ತಿರುಗಿತು. ಆಮೇಲೆ ನೀರು ಬೆರೆಸಿದ ವಿನೆಗರಿನ ಸರದಿ. ನಿಕೋಟಿನ್ ಮತ್ತು ಅಮೋನಿಯ ಎರಡೂ ಪ್ರತ್ಯಾಮ್ಲಗಳು. ವಿನೆಗರಿನ ಆಮ್ಲದೊಡನೆ ಕೂಡಿ ಅವು ಲವಣಗಳಾಗುತ್ತವೆ. ಲವಣವು ಸುಲಭವಾಗಿ ಆವಿಯಾಗದು, ಆದರೆ ನೀರಿನಲ್ಲಿ ಕರಗುತ್ತದೆ. ಆದುದರಿಂದ ಕೂಡಲೇ ಶುದ್ಧ ನೀರಿನಿಂದ ಒರೆಸಿ ತೆಗೆಯತಕ್ಕದ್ದು. ಅಡುಗೆ ಸೋಡವು ಬೆವರು, ಜಿಡ್ಡುಗಳ ಹುಳಿವಾಸನೆಗೆ, ಎಂದರೆ ಆಮ್ಲಗಳಿಗೆ, ಒಳ್ಳೆಯ ಮದ್ದು. ಸೋಡ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಬೆರೆಸಿದರೆ ಇಮ್ಮಡಿ ಫಲವೆಂದು ಕೆಲವರು ನಂಬುತ್ತಾರೆ. ಅವು ಒಂದನ್ನೊಂದು ಕೊಂದುಕೊಳ್ಳುತ್ತವೆ. ಉಳಿಯುವುದು ನೊರೆ ಮಾತ್ರ.

ಮೂತ್ರದ ಕಲೆಗಳಿಗೆ ಕಿಣ್ವಗಳಿರುವ ದ್ರಾವಣವನ್ನು ಬಳಸಬೇಕು. ಕಿಣ್ವಕ್ಕೆ ಕೆಲಸಮಾಡಲು ತೇವವೂ ಸಮಯವೂ ಬೇಕು; ಮೂತ್ರ ಇಳಿದಷ್ಟು ಆಳಕ್ಕೆ ಅದೂ ಇಳಿಯಬೇಕು. ಅಲ್ಲಿಗೆ ಬ್ಲೀಚಿಂಗ್ ದ್ರಾವಣವನ್ನು ಎಂದಿಗೂ ಸುರಿಯಬಾರದು. ಅದು ಅಮೋನಿಯದೊಡನೆ ಸೇರಿ ಕ್ಲೋರಮೀನ್ ಎಂಬ ವಿಷಾನಿಲವಾಗುತ್ತದೆ. ಸೀಟುಗಳನ್ನು ತೊಳೆದ ಮೇಲೆ ನೀರನ್ನು ಯಂತ್ರದಿಂದ ಹೀರಿಸಿ, ಬಾಗಿಲುಗಳನ್ನು ತೆರೆದಿಟ್ಟು ಪೂರ್ತಿ ಒಣಗಿಸುವುದು ಅವಶ್ಯಕ. ಒದ್ದೆ ಉಳಿದರೆ ಹಳೆಯ ವಾಸನೆಯ ಸ್ಥಾನದಲ್ಲಿ ಬೂಷ್ಟಿನ ವಾಸನೆ ನೆಲಸುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಏ.ಸಿ.ಯ ಫಿಲ್ಟರನ್ನು ಬದಲಾಯಿಸಲು ಮರೆಯಬಾರದು. ಹಳೆಯ ಹೊಗೆಯನ್ನು ಪ್ರತಿದಿನ ಬೀಸಿ ಹಂಚುವ ಬೀಸಣಿಗೆ ಅದು.

ಇಷ್ಟಾದ ಮೇಲೆ ಇದ್ದಲಿನ ಸರದಿ. ಒಲೆಯ ಇದ್ದಲಲ್ಲ, ತೆಂಗಿನ ಚಿಪ್ಪು ಮುಂತಾದವುಗಳಿಂದ ತಯಾರಿಸಿ ಅಸಂಖ್ಯ ಸೂಕ್ಷ್ಮರಂಧ್ರಗಳನ್ನು ಉಂಟುಮಾಡಿದ ಪಟುಕೃತ ಇದ್ದಲು. ಇದರ ಒಂದು ಗ್ರಾಮಿನ ಒಳಮೈಯನ್ನು ಹಾಸಿದರೆ ಸುಮಾರು 1000 ಚದರ ಮೀಟರು, ಎಂದರೆ ಸುಮಾರು ನಾಲ್ಕು ಟೆನ್ನಿಸ್ ಅಂಗಳಗಳಷ್ಟು ಆಗಬಹುದು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ರಷ್ಯದ ನಿಕೊಲಾಯ್ ಜೆಲಿನ್‌ಸ್ಕಿ ವಿಷಾನಿಲವನ್ನು ತಡೆಯುವ ಮುಖವಾಡದಲ್ಲಿ ಬಳಸಿದುದೂ ಇಂಥ ಇದ್ದಲನ್ನೇ. ಬಟ್ಟೆ ಬಿಟ್ಟುಕೊಟ್ಟ ಅಣುಗಳನ್ನು ಅದು ಹಿಡಿದಿಡುತ್ತದೆ. ಬಟ್ಟೆಯೊಳಗೆ ಹೊಕ್ಕು ಎಳೆದು ತರಲಾರದು. ತೊಳೆಯುವ ಕೆಲಸಕ್ಕೆ ಅದು ಸಹಾಯಕವೇ ಹೊರತು ಬದಲಿಯಲ್ಲ.

ಓಝೋನ್ ಯಂತ್ರದಿಂದ ಒಂದೇ ಗಂಟೆಯಲ್ಲಿ ವಾಸನೆ ತೆಗೆಯುವೆವೆನ್ನುವವರೂ ಇದ್ದಾರೆ. ಓಝೋನು ಹಲವು ಅಣುಗಳನ್ನು ಒಡೆಯುವುದು ನಿಜ. ಆದರೆ ಅದು ಶ್ವಾಸಕೋಶವನ್ನು ನೋಯಿಸುತ್ತದೆ, ರಬ್ಬರನ್ನು ಬಿರಿಯಿಸುತ್ತದೆ, ನಿಕೋಟಿನ್ನಿನೊಡನೆ ವರ್ತಿಸಿ ಹೊಸ ಸೂಕ್ಷ್ಮಕಣಗಳನ್ನೂ ಹುಟ್ಟಿಸುತ್ತದೆ. ಕೂಸಿರುವ ಮನೆಗೆ ಅದು ಬೇಡವೆಂದು ನಾವು ತೀರ್ಮಾನಿಸಿದೆವು.

ವಿದ್ಯಾರ್ಥಿಗಳು ಇದನ್ನೆಲ್ಲ ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ನಾಲ್ಕು ಹತ್ತಿಬಟ್ಟೆಯ ತುಂಡುಗಳನ್ನು ಊದುಬತ್ತಿಯ ಹೊಗೆಗೆ ಸಮನಾದ ಹೊತ್ತು ಒಡ್ಡಿ. ಒಂದನ್ನು ಹಾಗೆಯೇ, ಎರಡನೆಯದನ್ನು ಎರಡು ಹನಿ ಅತ್ತರಿನೊಡನೆ, ಮೂರನೆಯದನ್ನು ಒಂದು ಚಮಚ ಪಟುಕೃತ ಇದ್ದಲಿನ ಗಂಟಿನೊಡನೆ, ನಾಲ್ಕನೆಯದನ್ನು ಸಾಬೂನಿನಿಂದ ತೊಳೆದು ಒಣಗಿಸಿ, ಬೇರೆ ಬೇರೆ ಗಾಜಿನ ಭರಣಿಗಳಲ್ಲಿ ಮುಚ್ಚಿಡಿ. ಮರುದಿನ ಭರಣಿಗಳನ್ನು ಅರ್ಧಗಂಟೆ ಬಿಸಿಲಿನಲ್ಲಿರಿಸಿ, ಯಾವುದು ಯಾವುದೆಂದು ತಿಳಿಯದ ಗೆಳೆಯನಿಂದ ಮೂಸಿಸಿ. ಆಮೇಲೆ ಇದ್ದಲಿನ ಗಂಟನ್ನು ತೆಗೆದು ಇನ್ನೊಂದು ದಿನ ಕಾದು ನೋಡಿ. ಹೊಗೆ ಎಲ್ಲಿ ಅಡಗಿತ್ತೆಂಬುದು ಪುಸ್ತಕದ ನೆರವಿಲ್ಲದೆಯೇ ತಿಳಿಯುವುದು.

ನಮ್ಮ ಕಾರಿನ ಕಥೆಯನ್ನು ಹೇಳಿ ಮುಗಿಸೋಣ. ಮೂರು ಬಾರಿ ತೊಳೆದರೂ ಮಧ್ಯಾಹ್ನದ ಬಿಸಿಲಿನಲ್ಲಿ ಹೊಗೆಯ ಒಂದು ಎಳೆ ಉಳಿದೇ ಇತ್ತು. ನಮ್ಮ ಮೂಗನ್ನು ನಂಬದೆ, ಕಾರಿನ ಇತಿಹಾಸವನ್ನು ಅರಿಯದ ನಾಲ್ವರು ಸಹೋದ್ಯೋಗಿಗಳನ್ನು ಕೇಳಿದೆವು. ಮೂವರು ಅದನ್ನು ಗುರುತಿಸಿದರು. ಒಬ್ಬರು ಚಾವಣಿಯತ್ತ ಕೈ ತೋರಿಸಿದರು. ಬಿಸಿಯಾದ ಹೊಗೆ ಮೇಲೇರುವುದು ಭೌತಶಾಸ್ತ್ರದ ಮೊದಲ ಪಾಠ. ಅದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುವ ನಾವು ಸೀಟುಗಳನ್ನೇ ಉಜ್ಜುತ್ತ ಕುಳಿತಿದ್ದೆವು! ಚಾವಣಿಯ ಬಟ್ಟೆಯನ್ನು ಅಂಟಿನಿಂದ ಕೂರಿಸಿರುವುದರಿಂದ ಅದನ್ನು ನೆನೆಸಿ ತೊಳೆಯುವಂತಿಲ್ಲ, ನೆನೆದರೆ ಜೋತುಬೀಳುತ್ತದೆ. ಹಣ ಖರ್ಚಾದರೂ ಅದನ್ನು ಕೀಳಿಸಿ ಹೊಸದನ್ನು ಹಾಕಿಸಿದೆವು. ಅನಂತರ ಅದೇ ನಾಲ್ವರನ್ನು ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಕರೆದು ಬಾಗಿಲು ತೆರೆದೆವು. ಹೊಸ ಬಟ್ಟೆಯ ವಾಸನೆಯಲ್ಲದೆ ಬೇರೇನೂ ಇಲ್ಲವೆಂದರು. ಮರುದಿನ ಕೂಸು ಆ ಕಾರಿನಲ್ಲಿ ಮೊದಲ ಪ್ರಯಾಣ ಮಾಡಿತು.